ಮರಿಮಲ್ಲಪ್ಪನ ಖಾಲಿ ಕರಡಿಗೆ

ಕುದೇರಿನಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಮೊದಲು ಕರೆ ಹೋಗುತ್ತಿದ್ದದ್ದು ಮರಿಮಲ್ಲಪ್ಪನಿಗೆ. ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಅರ್ಧ ದಿನ ಕೆದಕುವುದಕ್ಕಿಂತ ಅವನನ್ನು ಕರೆಸುವುದೇ ಸಲೀಸೆಂದು ಊರಿನವರು ಕಂಡುಕೊಂಡಿದ್ದರು. ಅವನು ಬಂದು ಪಂಚೆಯನ್ನು ಕಚ್ಚೆಯಾಗಿ ಬಿಗಿದು, ಎರಡು ಸಲ ಉಸಿರನ್ನು ಪೂರ್ತಿ ಹೊರಬಿಟ್ಟು, ಮೂರನೆಯದನ್ನು ಎದೆ ತುಂಬ ಎಳೆದುಕೊಂಡು ತಲೆಕೆಳಗಾಗಿ ಇಳಿಯುತ್ತಿದ್ದ. ದಂಡೆಯ ಮೇಲಿನ ಹೆಂಗಸರು ಇನ್ನು ಇವನು ಬರುವುದಿಲ್ಲವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಹೊತ್ತಿಗೆ ಕೊಡದ ಕಂಠ ಹಿಡಿದುಕೊಂಡು ಮೇಲೆ ಬರುತ್ತಿದ್ದ. ಬಂದವನು ಮೊದಲು ಮಾಡುತ್ತಿದ್ದ ಕೆಲಸ ಎದೆ ಮುಟ್ಟಿ ನೋಡಿಕೊಳ್ಳುವುದು. ಅಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಅವನ ಲಿಂಗ. ಹುಟ್ಟಿದ ಕೆಲವೇ ದಿನಕ್ಕೆ ಊರ ಮಠದ ಅಯ್ಯನವರು ಕಟ್ಟಿದ್ದು. ಅದು ಮೈ ಬಿಟ್ಟು ಹೋಗುವಂತಿಲ್ಲ, ಅದಕ್ಕೆ ಪೂಜೆಯಾಗದೆ ಬಾಯಿಗೆ ಹನಿ ನೀರು ಬೀಳುವಂತಿಲ್ಲ. ಈ ನೇಮಗಳನ್ನು ಅವನು ಕಷ್ಟಪಟ್ಟು ಪಾಲಿಸುತ್ತಿದ್ದನೆಂದಲ್ಲ. ಹಲ್ಲುಜ್ಜಿದಷ್ಟೇ ಸಹಜವಾಗಿ ಅವು ನಡೆದುಕೊಂಡು ಬಂದಿದ್ದವು.

ಮನೆಯಲ್ಲಿ ತಾಯಿ ದೊಡ್ಡಮಲ್ಲಮ್ಮ, ಅಣ್ಣ ಮಾದಪ್ಪ, ಅತ್ತಿಗೆ, ಹೆಂಡತಿ ಕರಿಬಸಮ್ಮ. ಹೊಲವನ್ನು ಅಣ್ಣ ನೋಡಿಕೊಳ್ಳುತ್ತಿದ್ದುದರಿಂದ ಮರಿಮಲ್ಲಪ್ಪನಿಗೆ ಕೈ ತುಂಬ ಕೆಲಸವಿರಲಿಲ್ಲ. ಕರಿಬಸಮ್ಮನ ತಂದೆ ಗುಂಡ್ಲುಪೇಟೆಯಲ್ಲಿ ಅರಿಸಿನ, ಕೊತ್ತಂಬರಿ ಬೀಜದ ವ್ಯಾಪಾರಿ. ಅವನ ಸರಕು ಲಾರಿಯಲ್ಲಿ ಘಟ್ಟ ಇಳಿದು ಕಲ್ಲಿಕೋಟೆಗೆ ಹೋಗುತ್ತಿತ್ತು. ಸರಕಿನ ಜೊತೆಗೆ ನಂಬಿಕಸ್ತನೊಬ್ಬ ಬೇಕೆಂದು ಮಾವ ಅಳಿಯನನ್ನೇ ಕಳಿಸತೊಡಗಿದ.

ಐವತ್ತೈದನೆಯ ಇಸವಿಯ ದೀಪಾವಳಿ ಕಳೆದ ಮೇಲೆ ಹೀಗೆ ಹೋಗಿದ್ದಾಗ, ಕಲ್ಲಾಯಿ ಹೊಳೆಯ ಕಟ್ಟೆಯ ಮೇಲೆ ಮೂಟೆ ತೂಗುತ್ತಿದ್ದವರ ಕೈಜಾರಿ ಕಬ್ಬಿಣದ ತೂಕದ ಗುಂಡೊಂದು ನೀರಿಗೆ ಬಿತ್ತು. ತೂಗುವವರು ತಲೆ ಮೇಲೆ ಕೈ ಹೊತ್ತು ನಿಂತರು. ಮರಿಮಲ್ಲಪ್ಪ ಅಂಗಿ ಬಿಚ್ಚಿ ಇಳಿದ. ಕೆಸರಿನಲ್ಲಿ ಕೈಯಾಡಿಸಿ ಗುಂಡನ್ನು ಎದೆಗವಚಿಕೊಂಡು ಮೇಲೆ ಬಂದಾಗ ಕಟ್ಟೆಯ ಮೇಲೆ ಒಬ್ಬ ಕುರುಚಲು ಗಡ್ಡದವನು ಕುಕ್ಕರಗಾಲಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದ.

"ಎಷ್ಟು ನೇರ, ಎಷ್ಟು ಹೊತ್ತು ಅಡಿಯಲ್ಲಿ ಇರುತ್ತೀ ನೀನು?" ಎಂದು ಅವನು ಕೇಳಿದ. ಮಂಗಳೂರಿನ ಬಂದರಿನಲ್ಲಿ ದುಡಿದು ಕಲಿತ ಕನ್ನಡ, ನಡುನಡುವೆ ಮಲಯಾಳ ಸೇರಿಕೊಂಡಿತ್ತು.

"ಲೆಕ್ಕ ಆಕಿಲ್ಲ."

"ಬೆನ್ನಿಗೆ ಗಾಳಿ ಕಟ್ಟಿ ಕಳಿಸಿದರೆ ಇರುತ್ತೀಯೋ?"

ಅವನ ಹೆಸರು ಆಲಿಕೋಯ. ಬೊಂಬಾಯಿಯ ಕಂತ್ರಾಟುದಾರನೊಬ್ಬನ ಕೈಕೆಳಗೆ ಮೇಸ್ತ್ರಿ. ಯುದ್ಧದ ಕಾಲದಲ್ಲಿ ದಡದಿಂದ ನಾಲ್ಕು ಮೈಲಿ ದೂರದಲ್ಲಿ ಮುಳುಗಿದ ಸರಕಿನ ಹಡಗೊಂದರಿಂದ ಹಿತ್ತಾಳೆ, ತಾಮ್ರ ಬಿಚ್ಚಿ ತರುವುದು ಅವರ ಕೆಲಸ. ಕಂತ್ರಾಟುದಾರ ಯಾರೋ ದೊರೆಯಿಂದ ಎರಡು ಜೊತೆ ಹೊಸಬಗೆಯ ಉಪಕರಣ ಕೊಂಡಿದ್ದ. ಬೆನ್ನಿಗೆ ಉಕ್ಕಿನ ಸಿಲಿಂಡರು, ಅದರಿಂದ ಬಾಯಿಗೆ ರಬ್ಬರಿನ ಕೊಳವೆ, ಕಣ್ಣಿಗೆ ಗಾಜು, ಕಾಲಿಗೆ ಬಾತುಕೋಳಿಯದರಂಥ ಪಾದ. ಕಡಲಿನವರಾದ ಮುಳುಗುಗಾರರೇ ಅದನ್ನು ಕಟ್ಟಿಕೊಳ್ಳಲು ಹೆದರಿ ಹಿಂದೆ ಸರಿದಿದ್ದರು. ಆಲಿಕೋಯನಿಗೆ ಒಬ್ಬ ಜೊತೆಗಾರ ಬೇಕಿತ್ತು.

ಮರಿಮಲ್ಲಪ್ಪ ಅವನ ಜೊತೆ ಹೋದದ್ದು ಸಂಬಳದ ಆಸೆಗಲ್ಲ. ಬಾವಿಯ ತಳದಲ್ಲಿ ಅವನು ಯಾವತ್ತೂ ಕಣ್ಣು ಬಿಟ್ಟು ಏನನ್ನೂ ಕಂಡವನಲ್ಲ. ಅಲ್ಲಿ ಕತ್ತಲೆ, ಕೆಸರು, ಕೈಗೆ ತಾಗಿದ್ದೇ ಕಂಡದ್ದು. ಗಾಜು ಹಾಕಿಕೊಂಡರೆ ಹಗಲಿನ ಹಾಗೆ ಕಾಣುತ್ತದೆ ಎಂದು ಆಲಿಕೋಯ ಹೇಳಿದ ಮಾತು ಅವನನ್ನು ಹಿಡಿದುಬಿಟ್ಟಿತು. ಮಾವನಿಗೂ ಮನೆಗೂ ಕಾಗದ ಬರೆಸಿದ: ಇಲ್ಲಿ ಅರಿಸಿನದ ಮಂಡಿಯೊಂದರಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿದೆ, ಬೇಸಗೆಯವರೆಗೆ ಇದ್ದು ವ್ಯಾಪಾರ ಕಲಿತು ಬರುತ್ತೇನೆ. ಲಿಂಗಾಯತರ ಮಗ ಮೀನಿನ ನೀರಿನಲ್ಲಿ ಮುಳುಗಿ ದುಡಿಯುತ್ತಾನೆಂದರೆ ತಾಯಿ ಒಪ್ಪುವುದಿಲ್ಲವೆಂದು ಗೊತ್ತಿದ್ದರಿಂದ ಹೇಳಿದ ಸುಳ್ಳು ಅದು. ಆಗ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ.

ಮೊದಲ ಸಲ ಇಳಿದಾಗ ಕಿವಿ ಚುರುಗುಟ್ಟಿತು. ಆಲಿಕೋಯ ಹೇಳಿಕೊಟ್ಟಂತೆ ಮೂಗು ಒತ್ತಿ ಊದಿದ, ನೋವು ಬಿಟ್ಟಿತು. ಆಮೇಲೆ ಹಸಿರು ನೀರಿನ ಅಡಿಯಲ್ಲಿ ಏನೋ ದೊಡ್ಡದು ಕಪ್ಪಗೆ ಕಾಣಿಸಿತು. ಎಂಟೊಂಬತ್ತು ಆಳು ಆಳದಲ್ಲಿ ಹಡಗು ಎಡಮಗ್ಗುಲಿಗೆ ಒರಗಿ ಮಲಗಿತ್ತು, ಹೊಂಡದಲ್ಲಿ ಕೂತ ಎಮ್ಮೆಯ ಹಾಗೆ. ಕಬ್ಬಿಣ ಕಾಣುತ್ತಲೇ ಇರಲಿಲ್ಲ. ಎಲ್ಲೆಲ್ಲೂ ಚಿಪ್ಪು ಕಚ್ಚಿಕೊಂಡಿತ್ತು. ಕಂಬಿಗಳ ಮೇಲೆ ಹೂವಿನಂಥವು ಅರಳಿದ್ದವು. ಬೆರಳು ಹತ್ತಿರ ಒಯ್ದರೆ ಮುದುರಿಕೊಂಡವು, ಅವು ಹೂವಲ್ಲ, ಜೀವ. ಸಣ್ಣ ಬೆಳ್ಳಿ ಮೀನುಗಳ ಹಿಂಡೊಂದು ಅವನ ಸುತ್ತ ಒಮ್ಮೆಗೇ ಹೊರಳಿತು, ತೆನೆ ಬಂದ ಜೋಳದ ಮೇಲೆ ಗಾಳಿ ಹಾಯ್ದಂತೆ. ಹಡಗಿನ ಅಡುಗೆಮನೆಯ ಒಲೆಯ ಬಾಯಲ್ಲಿ ಕುರಿಯಷ್ಟು ಗಾತ್ರದ ಮೀನೊಂದು ಮನೆ ಮಾಡಿತ್ತು. ಆಲಿಕೋಯ ಅದನ್ನು ಕಲವ ಎನ್ನುತ್ತಿದ್ದ. ಅದು ಬಾಯಿ ತೆರೆದು ನಿಂತಿದ್ದರೆ ಬೆರಳುದ್ದದ ನೀಲಿ ಮೀನೊಂದು ಒಳಗೆ ಹೋಗಿ ಅದರ ಹಲ್ಲಿನ ಸಂದು ಕಿತ್ತು ತಿಂದು ಹೊರಗೆ ಬರುತ್ತಿತ್ತು. ಕಲವ ಬಾಯಿ ಮುಚ್ಚುತ್ತಿರಲಿಲ್ಲ.

ಮರಿಮಲ್ಲಪ್ಪನಿಗೆ ಅದುವರೆಗೆ ಮೀನೆಂದರೆ ಸಂತೆಯ ಮೂಲೆಯಲ್ಲಿ ಮೂಗು ಮುಚ್ಚಿಕೊಂಡು ದಾಟುವ ವಾಸನೆ. ಇಲ್ಲಿ ಅವಕ್ಕೆ ವಾಸನೆಯೇ ಇರಲಿಲ್ಲ. ಮೇಲೆ ಬಂದು ದೋಣಿಯಲ್ಲಿ ಕೂತವನು ಗಾಜನ್ನು ಕಣ್ಣಿನಿಂದ ತೆಗೆಯಲೇ ಇಲ್ಲ. ಆಲಿಕೋಯ ನಕ್ಕು ಬೀಡಿ ಹಚ್ಚಿದ.

ತೊಡಕು ಬಂದದ್ದು ಕರಡಿಗೆಯಿಂದ. ಸಿಲಿಂಡರಿನ ಪಟ್ಟಿ ಎದೆಯ ಮೇಲೆ ಅಡ್ಡ ಬರುತ್ತಿತ್ತು. ಬಿಗಿದರೆ ಬೆಳ್ಳಿಯ ಅಂಚು ಚರ್ಮಕ್ಕೆ ಒತ್ತಿ ಗಾಯವಾಗುತ್ತಿತ್ತು. ಇದನ್ನು ನೋಡಿ ಆಲಿಕೋಯ ಹೇಳಿದ: "ಅದನ್ನು ಕೊಡು. ಒಗೆದ ಮುಂಡಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಬಂದು ತೆಗೆದುಕೋ."

"ಅದು ಮೈ ಬುಟ್ಟು ಓಗಂಗಿಲ್ಲ" ಎಂದ ಮರಿಮಲ್ಲಪ್ಪ. ಅದು ನಿಜ. ಆದರೆ ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದು ಅದಲ್ಲ. ಮೀನು ಮುಟ್ಟುವ ಸಾಬರ ಕೈ, ಮೀನಿಟ್ಟ ಪೆಟ್ಟಿಗೆ, ಅದು ಬಂದಿತ್ತು. ಆಲಿಕೋಯ ಮುಖ ನೋಡಿ ಅರ್ಥ ಮಾಡಿಕೊಂಡನೋ ಏನೋ, ಮತ್ತೆ ಕೇಳಲಿಲ್ಲ. ಮರಿಮಲ್ಲಪ್ಪ ಲಿಂಗವನ್ನು ಕರಡಿಗೆಯಿಂದ ತೆಗೆದು ಬಿಳಿಯ ಬಟ್ಟೆಯಲ್ಲಿ ಗಂಟು ಕಟ್ಟಿ ದಾರದಿಂದ ಕೊರಳಿಗೆ ಹಾಕಿಕೊಂಡ. ಖಾಲಿ ಕರಡಿಗೆಯನ್ನು ತನ್ನ ಟ್ರಂಕಿನಲ್ಲಿಟ್ಟ.

ಮೂರು ತಿಂಗಳು ಹಾಗೆಯೇ ನಡೆಯಿತು. ಮಾಘ ಮಾಸದ ಒಂದು ದಿನ ಅವನು ಇಂಜಿನ್ ಕೋಣೆಯೊಳಗೆ ಹಿತ್ತಾಳೆಯ ದೊಡ್ಡ ತಿರುಪೊಂದನ್ನು ಬಿಚ್ಚುತ್ತಿದ್ದ. ತಿರುಪು ಒಮ್ಮೆಗೇ ಕಳಚಿ ಬಂದು ಅವನು ಹಿಂದಕ್ಕೆ ಬಿದ್ದ. ಹದಿಮೂರು ವರ್ಷದ ಹೂಳು ಎದ್ದು ಕಣ್ಣ ಮುಂದಿನ ಕೈಯೂ ಕಾಣದಾಯಿತು. ಬಾಗಿಲು ಯಾವ ಕಡೆಯೆಂದು ತಡವರಿಸುತ್ತ ಮುಂದೆ ಸರಿದಾಗ ಕೊರಳು ಹಿಂದಕ್ಕೆ ಜಗ್ಗಿತು. ಗಂಟಿನ ದಾರ ಯಾವುದಕ್ಕೋ ಸಿಕ್ಕಿಕೊಂಡಿತ್ತು. ಅದೇ ಹೊತ್ತಿಗೆ ಗಾಳಿ ಗಟ್ಟಿಯಾಯಿತು; ಎಳೆದಷ್ಟೂ ಬರಲೊಲ್ಲದು. ಬೆನ್ನಿನ ಕಡ್ಡಿ ಎಳೆದು ಉಳಿಕೆ ಗಾಳಿಯನ್ನು ಬಿಟ್ಟುಕೊಂಡ. ಅದು ಕೆಲವು ನಿಮಿಷಕ್ಕೆ ಮಾತ್ರ. ದಾರವನ್ನು ತಡವಿ ಬಿಡಿಸಲು ನೋಡಿದ. ಬಿಡಲಿಲ್ಲ. ಇನ್ನೊಂದು ಸಲ ನೋಡಬಹುದಿತ್ತು. ಅವನ ಕೈ ಸೊಂಟದ ಚೂರಿಗೆ ಹೋಗಿ, ತಂದು, ದಾರವನ್ನು ಕೊಯ್ದುಬಿಟ್ಟಿತು.

ದೋಣಿಗೆ ಹತ್ತಿದವನು ಎದೆ ಮುಟ್ಟಿ ನೋಡಿಕೊಳ್ಳಲಿಲ್ಲ.

"ಏನಾಯಿತು?" ಎಂದು ಆಲಿಕೋಯ ಕೇಳಿದ.

"ಗಾಳಿ ಮುಗ್ದೋಯ್ತು" ಎಂದಷ್ಟೇ ಹೇಳಿದ.

ಮಾರನೆಯ ದಿನ ಹೂಳು ತಂಗಿತ್ತು. ಅವನು ಮೊದಲು ಆ ಕೋಣೆಗೇ ಹೋದ. ತುಕ್ಕು ತಿಂದ ತಗಡಿನ ಅಡಿಯಲ್ಲಿ ಒಂದು ಬಿಲ. ಅದರೊಳಗೆ ಒಂದು ಮೊಳದಾಚೆ ಬಿಳಿಯ ಬಟ್ಟೆಯ ಗಂಟು ಕಾಣುತ್ತಿತ್ತು. ಗಂಟಿನ ಪಕ್ಕದಲ್ಲಿ ತೊಡೆಯಷ್ಟು ದಪ್ಪದ ಹಾವುಮೀನು ಸುರುಳಿ ಸುತ್ತಿಕೊಂಡು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿತ್ತು. ಹಲ್ಲುಗಳು ಸೂಜಿಯಂತೆ ಒಳಮುಖವಾಗಿದ್ದವು. ಮರಿಮಲ್ಲಪ್ಪ ಕೈ ಮುಂದೆ ಮಾಡಿದ. ಮೀನು ಮುಂದಕ್ಕೆ ಒಂದು ಗೇಣು ಬಂತು. ಅವನು ಕೈ ಹಿಂದೆ ತೆಗೆದ. ಇನ್ನೊಮ್ಮೆ ಮುಂದೆ ಮಾಡಿ ಇನ್ನೊಮ್ಮೆ ಹಿಂದೆ ತೆಗೆದ. ಮೂರನೆಯ ಸಲ ಮುಂದೆ ಮಾಡಲಿಲ್ಲ. ಅಲ್ಲಿಂದ ಹೊರಬಂದು ಬೇರೆ ಕಡೆ ಕೆಲಸ ಮಾಡಿ ಬರಿಗೈಯಲ್ಲಿ ಮೇಲಕ್ಕೆ ಹೋದ.

ಹಿಂದಿನ ದಿನದಿಂದ ಅವನು ಏನೂ ತಿಂದಿರಲಿಲ್ಲ. ಲಿಂಗವಿಲ್ಲದೆ ಅನ್ನವಿಲ್ಲ, ಊರಿಗೆ ಹೋಗಿ ಅಯ್ಯನವರ ಕಾಲಿಗೆ ಬೀಳುವವರೆಗೆ ಹೀಗೆಯೇ ಇರುತ್ತೇನೆಂದು ಗಟ್ಟಿ ಮಾಡಿಕೊಂಡಿದ್ದ. ಸಂಜೆ ತಾನು ಉಳಿದುಕೊಂಡಿದ್ದ ಆಲಿಕೋಯನ ಮನೆಯ ಜಗಲಿಯಲ್ಲಿ ಕೂತಿದ್ದ. ಆಲಿಕೋಯನ ಮುದಿ ತಾಯಿ ಬಟ್ಟಲಲ್ಲಿ ಬಿಸಿ ಗಂಜಿ, ಬೇಯಿಸಿದ ಅಲಸಂದೆ ಕಾಳು ತಂದಿಟ್ಟಳು. ಅವನಿಗೆಂದೇ ಆಕೆ ಮೊದಲ ದಿನದಿಂದ ಹೊಸ ಮಡಕೆಯೊಂದನ್ನು ಬೇರೆ ಇಟ್ಟಿದ್ದಳು. ಅದಕ್ಕೆ ಮೀನು ಮುಟ್ಟಿದ ಸೌಟು ಹಾಕುತ್ತಿರಲಿಲ್ಲ. ಗಂಜಿಯ ಹಬೆ ಮುಖಕ್ಕೆ ಹೊಡೆಯಿತು. ಅವನು ಉಂಡ. ಒಂದಲ್ಲ, ಮೂರು ಬಟ್ಟಲು ಉಂಡ. ಉಂಡು ಕೈ ತೊಳೆಯುವಾಗ ಗೋಡೆಯ ಕಡೆಗೆ ತಿರುಗಿಕೊಂಡ.

ಆ ವಾರವೇ ಕೆಲಸ ಬಿಟ್ಟು ಊರಿಗೆ ಹೊರಟ. ಟ್ರಂಕಿನಿಂದ ಖಾಲಿ ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಂಡ. ಲಾರಿ ಘಟ್ಟ ಹತ್ತುವಾಗ, ಮೊದಲು ಅಯ್ಯನವರ ಬಳಿಗೆ ಹೋಗುತ್ತೇನೆ, ಆಮೇಲೆ ಮನೆಗೆ, ಎಂದುಕೊಳ್ಳುತ್ತಲೇ ಇದ್ದ. ಗುಂಡ್ಲುಪೇಟೆಯಲ್ಲಿ ಮಾವ ಮಂಡಿಯ ಕೆಲಸದ ಬಗ್ಗೆ ಕೇಳಿದ. ಸುಳ್ಳು ಹೇಳಿದ. ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ನಿಂತು, "ಸೊರಗೋಗಿದ್ದೀಯಲ್ಲೊ ಮಗ, ಆ ಸೀಮೇಲಿ ನಿಂಗ್ ಸರಿಯಾಗಿ ಊಟ ಸಿಕ್ತಿತ್ತಾ, ಇಲ್ವಾ?" ಎಂದು ಬೆನ್ನು ಸವರಿದಳು. ಅಯ್ಯನವರ ಬಳಿಗೆ ನಾಳೆ ಹೋದರಾಯಿತು ಎಂದುಕೊಂಡ. ಆ ನಾಳೆ ಒಂದು ವರ್ಷವಾದರೂ ಬರಲಿಲ್ಲ.

ಬೆಳಗಿನ ಪೂಜೆಯನ್ನು ಅವನು ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ವಸ್ತ್ರ ಹೊದ್ದುಕೊಂಡು ಮಾಡತೊಡಗಿದ. ಕರಡಿಗೆ ತೆರೆದು, ಎಡ ಅಂಗೈಯಲ್ಲಿ ಏನೂ ಇಲ್ಲದಲ್ಲಿಗೆ ನೀರು ಬಿಟ್ಟು, ವಿಭೂತಿ ಹಚ್ಚಿ, ಪತ್ರೆ ಇಡುತ್ತಿದ್ದ. ಒಂದು ಕಲ್ಲನ್ನಾದರೂ ಇಟ್ಟುಕೊಳ್ಳೋಣವೆಂದು ಒಮ್ಮೆ ಹೊಳೆಯಿತು. ಅಷ್ಟರಮಟ್ಟಿಗೆ ಇಳಿಯಲು ಮನಸ್ಸಾಗಲಿಲ್ಲ. ಪೂಜೆ ಮುಗಿಸಿ ಎದ್ದು ಬಂದರೆ ಕರಿಬಸಮ್ಮ ರೊಟ್ಟಿ ಹಾಕುತ್ತಿದ್ದಳು; ಅವನು ತಟ್ಟೆ ನೋಡಿಕೊಂಡು ತಿನ್ನುತ್ತಿದ್ದ. ಕೆಲವು ಸಲ ಅವಳಿಗೆ ಕಡಲೊಳಗಿನ ಹಡಗಿನ ಮಾತು ಹೇಳುತ್ತಿದ್ದ, ಅಲ್ಲಿ ಆಲಿಕೋಯನೆಂಬುವನು ಕಂಡದ್ದು ಎಂದು. ಹಲ್ಲು ಶುಚಿ ಮಾಡುವ ನೀಲಿ ಮೀನಿನ ಸಂಗತಿಯನ್ನು ಅವಳು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು.

"ನೀವೇ ಕಂಡಂಗೆ ಯೇಳ್ತೀರಲ್ಲ" ಎಂದಳು ಒಮ್ಮೆ. ಅವನು ಅಲ್ಲಿಗೆ ನಿಲ್ಲಿಸಿದ.

ಐವತ್ತಾರರ ಚಳಿಗಾಲದಲ್ಲಿ ದೊಡ್ಡಮಲ್ಲಮ್ಮನ ಕೈಗಳಿಗೆ ನಡುಕ ಬಂತು. ಲಿಂಗವನ್ನು ಅಂಗೈಯಲ್ಲಿ ನಿಲ್ಲಿಸಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅದು ಜಾರಿ ಚಾಪೆಯ ಮೇಲೆ ಬಿದ್ದಾಗ ಅವಳು ಮಗುವಿನ ಹಾಗೆ ಅತ್ತಳು. ಹಿರಿಯ ಮಗ ಹೊಲಕ್ಕೆ ಹೋಗಿದ್ದ.

"ಮರಿಮಲ್ಲ, ಇನ್ಮೇಕೆ ನಿನ್ ಪೂಜೆ ಆದ್ಮೇಕೆ ನಂದನ್ನೂ ನೀನೇ ಮಾಡು ಕಣಪ್ಪ. ನಾನು ನೋಡ್ತಾ ಕೂತ್ಕತೀನಿ. ನಿನ್ ಕೈಯಾದ್ರೆ ನಂಗೆ ನೆಮ್ದಿ."

ಅವನು ತಾಯಿಯ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಎಪ್ಪತ್ತು ವರ್ಷದ ಪೂಜೆಗೆ ನುಣುಪಾಗಿ ಹೊಳೆಯುತ್ತಿದ್ದ ಅದರ ತಣ್ಣನೆಯ ಭಾರ ಕೈಗೆ ತಾಗಿದಾಗ ಅವನಿಗೆ ತನ್ನ ಮೈ ಮೇಲೆ ಬಟ್ಟೆಯೇ ಇಲ್ಲದಂತಾಯಿತು. ತಾಯಿ ಎದುರಿಗೆ ಕೈಮುಗಿದು ಕೂತಿದ್ದಳು. ಕಣ್ಣು ಅವನ ಅಂಗೈಯ ಮೇಲೆ. ಪೂಜೆಯ ತೀರ್ಥವನ್ನು ಅವಳ ಬಾಯಿಗೆ ಹನಿಸಿದಾಗ, "ಒಳ್ಳೇದಾಗ್ಲಿ" ಎಂದಳು. ಇದು ದಿನವೂ ನಡೆಯಿತು. ದಿನವೂ ಆ ಮಾತು ಕೇಳಬೇಕಾಗುತ್ತಿತ್ತು.

ಮುಂದಿನ ವರ್ಷ ಯುಗಾದಿಗೆ ಮುಂಚೆ ಅವನೂ ಕರಿಬಸಮ್ಮನೂ ಗುಂಡ್ಲುಪೇಟೆಗೆ ಹೋಗಿದ್ದರು. ಸಂತೆಯ ದಿನ, ದನಗಳ ಸಾಲಿನ ಬಳಿ ಯಾರೋ ಅವನ ಭುಜ ಹಿಡಿದರು. ಆಲಿಕೋಯ. ಗಡ್ಡ ನರೆತಿತ್ತು. ಮಾತಾಡುವಾಗ ಎಡಗಿವಿಯನ್ನು ಮುಂದೆ ಮಾಡುತ್ತಿದ್ದ. ಬಲಗಿವಿಯ ತಮಟೆ ಕಡಲಿನಲ್ಲಿ ಒಡೆದುಹೋಗಿತ್ತಂತೆ. ಇನ್ನು ಮುಳುಗಲಾಗದೆ ತಮ್ಮನ ಜೊತೆ ದನದ ವ್ಯಾಪಾರಕ್ಕೆ ಇಳಿದಿದ್ದ. ಹಡಗು ಕಳೆದ ಮಳೆಗಾಲದಲ್ಲಿ ಎರಡು ತುಂಡಾಯಿತು, ಕಲವ ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಎಂದ. ಆಮೇಲೆ ಕರಿಬಸಮ್ಮನ ಕಡೆ ತಿರುಗಿ, "ನಿಮ್ಮ ಗಂಡನಂಥ ಮುಳುಗುಗಾರನನ್ನು ನಾನು ಕಡಲಿನವರಲ್ಲೂ ನೋಡಲಿಲ್ಲ ಅಮ್ಮ" ಎಂದ, ಸಂತೋಷದಿಂದ.

ಕರಿಬಸಮ್ಮ ಗಂಡನ ಮುಖ ನೋಡಿದಳು. ಅವನು ದನಗಳ ಕಡೆ ನೋಡುತ್ತಿದ್ದ.

ಆಲಿಕೋಯನ ಕಣ್ಣು ಅವನ ಎದೆಯ ಮೇಲೆ ಹೋಯಿತು. "ಓ, ಬೆಳ್ಳಿಯದು ಮತ್ತೆ ಹಾಕಿಕೊಂಡೆ. ಆ ಬಟ್ಟೆಯ ಗಂಟು ಏನಾಯಿತು? ಕಡೆಯ ದಿನಗಳಲ್ಲಿ ನಿನ್ನ ಕೊರಳಲ್ಲಿ ಕಾಣಲಿಲ್ಲ. ಕೇಳಬೇಕು ಅಂದುಕೊಂಡೆ, ನೀನು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ."

ಮರಿಮಲ್ಲಪ್ಪ ತಲೆತಗ್ಗಿಸಿಕೊಂಡೇ ಹೇಳಿದ. ದಾರ ಸಿಕ್ಕಿಕೊಂಡದ್ದು, ತಾನೇ ಕೊಯ್ದದ್ದು, ಮಾರನೆಯ ದಿನ ಬಿಲದಲ್ಲಿ ಕಂಡದ್ದು, ಹಾವುಮೀನು, ಕೈ ಹಿಂದೆ ತೆಗೆದದ್ದು. ಸಂತೆಯ ಗದ್ದಲದಲ್ಲಿ ಆಲಿಕೋಯ ಒಳ್ಳೆಯ ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದು ಕೇಳಿಸಿಕೊಂಡ. ಕರಿಬಸಮ್ಮ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು.

"ನನಗೆ ಒಂದು ಮಾತು ಹೇಳಬಾರದಿತ್ತೋ?" ಎಂದ ಆಲಿಕೋಯ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ತಡೆಯಲಾಗದಂತಿತ್ತು. "ಅದು ಅರ್ಧ ಗಳಿಗೆಯ ಪಣಿ, ಸಣ್ಣ ಕೆಲಸ. ಕೋಲಿಗೆ ಬಟ್ಟೆ ಸುತ್ತಿ ಮುಂದೆ ಹಿಡಿದರೆ ಆ ಮೀನು ಕೋಲನ್ನೇ ಕಚ್ಚುತ್ತದೆ. ಇನ್ನೊಂದು ಕೈಯಿಂದ ನಾನು ಗಂಟು ತೆಗೆಯುತ್ತಿದ್ದೆ."

ಮರಿಮಲ್ಲಪ್ಪನ ಕೈ ಕರಡಿಗೆಯ ಮೇಲೆ ಹೋಯಿತು.

"ನಾನು ಮುಟ್ಟಬಾರದು ಅಂತಲೋ?" ಆಲಿಕೋಯ ಕೇಳಿದ. "ಹೇಳಿದ್ದರೆ ಇಕ್ಕಳದಲ್ಲಿ ಹಿಡಿದು ತರುತ್ತಿದ್ದೆ. ನನ್ನ ಕೈ ತಾಗುತ್ತಿರಲಿಲ್ಲ."

ಆಲಿಕೋಯ ಅವನ ಭುಜ ಒಮ್ಮೆ ತಟ್ಟಿ, ಕಳೆದ ಶ್ರಾವಣದಲ್ಲಿ ತನ್ನ ತಾಯಿ ತೀರಿಕೊಂಡಳೆಂದು ಹೇಳಿ, ತಮ್ಮ ಕೂಗಿದ ಕಡೆಗೆ ಹೊರಟುಹೋದ. ಮರಿಮಲ್ಲಪ್ಪ ನಿಂತಲ್ಲೇ ನಿಂತಿದ್ದ. ಲಿಂಗ ಕಳೆದುಕೊಂಡದ್ದು ಭಯದಿಂದ ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದ. ಭಯ ಇದ್ದದ್ದು ಎರಡು ಗಳಿಗೆ. ಆಮೇಲಿನದು ಭಯವಲ್ಲ. ಆಲಿಕೋಯ ಅಂಥ ಬಿಲಗಳಲ್ಲಿ ಕೈ ಹಾಕಿ ಏಡಿ ಹಿಡಿದದ್ದನ್ನು ಅವನು ಹತ್ತು ಸಲ ನೋಡಿದ್ದ. ಕೇಳಬಹುದೆಂದು ಆ ಸಂಜೆ ಜಗಲಿಯಲ್ಲಿ ಹೊಳೆದಿತ್ತು ಕೂಡ. ಆ ಮನೆಯ ಗಂಜಿ ಉಣ್ಣುತ್ತಲೇ, ಆ ಮನೆಯವನ ಕೈ ತಾಗುವುದಕ್ಕಿಂತ ಅದು ಅಲ್ಲೇ ಇರಲಿ ಎಂದುಕೊಂಡಿದ್ದ.

ದಾರಿಯಲ್ಲಿ ಕರಿಬಸಮ್ಮ ಮುಂದೆ, ಅವನು ಹಿಂದೆ. ಪೇಟೆಯ ಕೊನೆಯ ಮನೆಗಳು ದಾಟಿದ ಮೇಲೆ ಅವಳು ನಿಂತಳು.

"ಕರಡ್ಗೆ ಬರಿದು ಅಂತ ನಂಗೆ ಗೊತ್ತಿತ್ತು" ಎಂದಳು. "ಮುಚ್ಳ ತಗ್ದಾಗ ಒಳ್ಗೆ ಏನೂ ಅಲ್ಗಾಡ್ತಿರ್ಲಿಲ್ಲ. ಹೋದ್ ವರ್ಸ ನೀವು ಬಂದ್ ತಿಂಗ್ಳಲ್ಲೇ ಗೊತ್ತಾಯ್ತು."

"ಮತ್ಯಾಕ್ ಕೇಳ್ನಿಲ್ಲ?"

"ಕೇಳಿದ್ರೆ ನೀವು ಇನ್ನೊಂದ್ ಸುಳ್ ಯೇಳ್ಬೇಕಾಗ್ತಿತ್ತು." ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ನಂಗೆ ಬ್ಯಾಸ್ರ ಆಗದು ಅತ್ತೆ ವಿಚಾರಕ್ಕೆ. ಅವ್ರು ದಿನಾ ನಿಮ್ ಕೈ ನೋಡ್ಕಂಡು ಕೈ ಮುಗೀತಾರೆ. ನಾನೂ ಬಾಯ್ ಮುಚ್ಕಂಡಿದ್ದೆ. ಆ ಪಾಪ್ದಲ್ಲಿ ನಂದೂ ಪಾಲು ಅದೆ."

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅವನು ಗೋಡೆಗೆ ಮುಖ ಮಾಡಿ ಕೂರಲಿಲ್ಲ. ತಾಯಿಯ ಪೂಜೆಯನ್ನು ಅತ್ತಿಗೆಗೆ ಹೇಳಿ ಮಠಕ್ಕೆ ಹೋದ. ಅವನಿಗೆ ಲಿಂಗ ಕಟ್ಟಿದ್ದ ಅಯ್ಯನವರೇ ಇದ್ದರು. ಹಣ್ಣಾಗಿದ್ದರು, ಕಂಬಕ್ಕೆ ಒರಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಅವನು ನೆಲದ ಮೇಲೆ ಕೂತು ಕರಡಿಗೆ ತೆರೆದು ಅವರ ಮುಂದಿಟ್ಟು, ಮೊದಲಿನಿಂದ ಎಲ್ಲವನ್ನೂ ಹೇಳಿದ. ಅವರು ನಡುವೆ ಬಾಯಿ ಹಾಕಲಿಲ್ಲ.

"ಅವತ್ತು ಉಂಡ್ಯಾ?" ಎಂದು ಕೊನೆಯಲ್ಲಿ ಕೇಳಿದರು.

"ಉಂಡೆ ಬುದ್ದಿ. ಮೂರ್ ಬಟ್ಲು."

ಅಯ್ಯನವರು ಖಾಲಿ ಕರಡಿಗೆಯನ್ನು ಕೈಗೆ ತೆಗೆದುಕೊಂಡು ಮುಚ್ಚಿದರು. "ಲಿಂಗ ಬ್ಯಾರೆ ಕಟ್ಟನ. ಅದ್ಕೆ ಕ್ರಮ ಅದೆ, ಮೂರು ದಿನ ಇಲ್ಲೇ ಇರು. ಆದ್ರೆ ನಾನ್ ಕಟ್ಟದು ನೀನು ಮನೇಲಿ ಯೇಳಿದ್ ಮೇಲೆ. ನಿಮ್ಮವ್ವಂಗೆ ಯೇಳ್ಬೇಕು. ಊರ್ಗೆಲ್ಲ ಸಾರ್ಬೇಕಾಗಿಲ್ಲ."

"ಅವ್ವ ತಡ್ಕತಾಳಾ ಬುದ್ದಿ?"

"ಅದು ಅವ್ಳಿಗೆ ಬುಟ್ಟಿದ್ದು. ನೀನ್ ಯೇಳು."

ಆ ಮಧ್ಯಾಹ್ನವೇ ಹೇಳಿದ. ದೊಡ್ಡಮಲ್ಲಮ್ಮ ಹಿತ್ತಿಲ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಡುಗುವ ಕೈಗಳು ತೊಡೆಯ ಮೇಲಿದ್ದವು. ಅವನು ಮಂಡಿಯ ಸುಳ್ಳಿನಿಂದ ಶುರುಮಾಡಿದ. ಗಂಜಿಯ ಮಾತಿಗೆ ಬರುವವರೆಗೆ ಅವಳು ಏನನ್ನೂ ಕೇಳಲಿಲ್ಲ.

"ಆ ಸಾಬರ ತಾಯಿ ಬ್ಯಾರೆ ಮಡ್ಕೆ ಇಟ್ಟಿದ್ಲಾ ನಿಂಗೆ?"

"ಊಂ. ಹೊಸ್ದು."

"ಅವ್ಳು ನಿನ್ ನೇಮ ನೋಡ್ಕಂಡ್ಲು. ನೀನ್ ನೋಡ್ಕನಿಲ್ಲ." ಅವನ ಅಂಗೈ ನೋಡಿ, "ಇಷ್ಟ್ ತಿಂಗ್ಳೂ ನನ್ ಲಿಂಗ ಆ ಕೈಲಿ ಇತ್ತಾ?" ಎಂದಳು. ಅದು ಅವನನ್ನು ಕೇಳಿದ್ದೋ, ತನಗೆ ತಾನೇ ಅಂದುಕೊಂಡದ್ದೋ ತಿಳಿಯಲಿಲ್ಲ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಸೆರಗನ್ನು ತನ್ನ ಎದೆಯ ಕರಡಿಗೆಯ ಮೇಲೆ ಎಳೆದುಕೊಂಡಳು, ಪರಪುರುಷನೊಬ್ಬ ಎದುರಿಗೆ ಬಂದಂತೆ.

ಮೂರು ದಿನ ಮಠದಲ್ಲಿದ್ದು ಅವನು ಹೊಸ ಲಿಂಗ ಕಟ್ಟಿಸಿಕೊಂಡು ಬಂದ. ತಾಯಿಯ ಪೂಜೆಯನ್ನು ಅತ್ತಿಗೆಯೇ ಮುಂದುವರಿಸಿದಳು. ದೊಡ್ಡಮಲ್ಲಮ್ಮ ಅವನ ಮೇಲೆ ಮುನಿಸಿಕೊಂಡಿದ್ದಳೆಂದು ಹೇಳುವಂತಿರಲಿಲ್ಲ. ಅವನು ಕೊಟ್ಟ ಗಂಜಿ ಕುಡಿಯುತ್ತಿದ್ದಳು, ಅವನ ಭುಜ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದಳು. ಒಂದು ದಿನ, "ಆ ಹಡಗ್ನಾಗೆ ಏನೇನ್ ಕಂಡೆ, ಯೇಳು" ಎಂದಳು. ಅವನು ಹೇಳಿದ. ಮುದುರುವ ಹೂವು, ಬೆಳ್ಳಿಯ ಹಿಂಡು, ಒಲೆಯೊಳಗಿನ ಕಲವ. "ಎಲ್ಲಾ ಕಡೀಕೂ ಅವ್ನೇ ಜೀವ ಇಟ್ಟವ್ನೆ" ಎಂದು ಮೇಲೆ ನೋಡಿದಳು. ಆದರೆ ಬೆಳಿಗ್ಗೆ ಪೂಜೆಯ ಹೊತ್ತಿಗೆ ಅವನು ಒಳಗೆ ಬಂದರೆ ಮಾತ್ರ ಹಿರಿಯ ಸೊಸೆಯನ್ನು ಕರೆಯುತ್ತಿದ್ದಳು. ಅವನು ಬಾಗಿಲಾಚೆ ಕೂತು ಮುಗಿಯುವುದನ್ನು ಕಾಯುತ್ತಿದ್ದ. ಒಂದು ಸಲವಾದರೂ ಕರೆಯುತ್ತಾಳೇನೋ ಎಂದು ಅನ್ನಿಸುತ್ತಿತ್ತು. ಕರೆಯಲಿಲ್ಲ.

ಐವತ್ತೆಂಟರ ಕಾರ್ತೀಕದಲ್ಲಿ ಅವಳು ತೀರಿಕೊಂಡಳು. ಹೊಲದ ಮೂಲೆಯಲ್ಲಿ, ಗಂಡನ ಗದ್ದುಗೆಯ ಪಕ್ಕದಲ್ಲಿ ಗುಂಡಿ ತೋಡಿದರು. ಕುಳ್ಳಿರಿಸಿ ಮಣ್ಣು ಕೊಡಬೇಕಾದ್ದರಿಂದ ಗುಂಡಿ ಆಳವಾಗಿತ್ತು. ಯಾರಾದರೊಬ್ಬರು ಇಳಿದು ದೇಹವನ್ನು ಕೆಳಗಿನಿಂದ ಹಿಡಿದುಕೊಳ್ಳಬೇಕಿತ್ತು.

"ನೀನಿಳಿ ಕಣ್ಲಾ" ಎಂದ ಮಾದಪ್ಪ.

ಮರಿಮಲ್ಲಪ್ಪ ಇಳಿದ. ಮೇಲಿನಿಂದ ಇಳಿ ಬಿಟ್ಟ ತಾಯಿಯನ್ನು ತೋಳಿನಲ್ಲಿ ತೆಗೆದುಕೊಂಡು ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕುಳ್ಳಿರಿಸಿದ. ಅವಳು ಬಾವಿಯ ಕೊಡದಷ್ಟೂ ಭಾರವಿರಲಿಲ್ಲ. ಕೈಗಳ ನಡುಕ ನಿಂತಿತ್ತು.

"ಕರಡ್ಗೆ ತಗ್ದು ಲಿಂಗ ಎಡಗೈಲಿ ಇಡಪ್ಪ" ಎಂದು ಮೇಲಿನಿಂದ ಯಾರೋ ಹೇಳಿದರು. ಅವನ ಕೈ ಅವಳ ಎದೆಯವರೆಗೆ ಹೋಗಿ ನಿಂತಿತು. ಹೊಸ ಲಿಂಗ ಅವನ ಕೊರಳಲ್ಲಿತ್ತು, ಕ್ರಮವೆಲ್ಲ ಆಗಿತ್ತು, ಈಗ ಇಟ್ಟರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ಅವನ ಕೈ ಅವಳು ಬೇಡವೆಂದದ್ದು ಏಕೆಂದು ಮನೆಯಲ್ಲಿ ಅವನಿಗೂ ಕರಿಬಸಮ್ಮನಿಗೂ ಮಾತ್ರ ಗೊತ್ತಿತ್ತು.

ಅವನು ತಲೆಯೆತ್ತಿ ಅಯ್ಯನವರನ್ನು ನೋಡಿದ. "ನೀವೇ ಇಡಿ ಬುದ್ದಿ."

ಅಯ್ಯನವರು ಇಬ್ಬರು ತೋಳು ಹಿಡಿದು ಇಳಿಸಲು, ಆ ವಯಸ್ಸಿನಲ್ಲಿ ಗುಂಡಿಗೆ ಇಳಿದು ಬಂದರು. ಮರಿಮಲ್ಲಪ್ಪ ತಾಯಿಯ ಮಣಿಕಟ್ಟನ್ನು ಕೆಳಗಿನಿಂದ ಆನಿಸಿ ಹಿಡಿದ. ಅಯ್ಯನವರು ಲಿಂಗವನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಪತ್ರೆ ಹಾಕಿದರು. ಮೇಲೆ ನಿಂತ ಜನ ಗುಜುಗುಜು ಮಾತಾಡಿಕೊಂಡರು. ಹೆತ್ತ ಮಗ ಇಷ್ಟು ಹತ್ತಿರ ಇದ್ದೂ ಮುದುಕರನ್ನು ಇಳಿಸಿದನಲ್ಲ ಎಂದು ಹೆಂಗಸೊಬ್ಬಳು ಅಂದದ್ದು ಅವನಿಗೆ ಕೇಳಿಸಿತು.

ಎಲ್ಲರೂ ಮಣ್ಣು ಕೊಟ್ಟು ಹೋದ ಮೇಲೆ ಮಾದಪ್ಪ ಬದುವಿನ ಮೇಲೆ ಕೂತು ಕೇಳಿದ: "ಯಾಕ್ಲಾ ಹಂಗ್ ಮಾಡ್ಬುಟ್ಟೆ?"

ಅಣ್ಣನಿಗೆ ಆ ಸಂಗತಿ ಗೊತ್ತಿರಲಿಲ್ಲ. ತಾಯಿ ಯಾರಿಗೂ ಹೇಳಿರಲಿಲ್ಲ. ಹಿರಿಯ ಸೊಸೆಗೂ ಕಾರಣ ಹೇಳದೆ ಪೂಜೆ ಮಾಡಿಸಿಕೊಂಡಿದ್ದಳು. ಮರಿಮಲ್ಲಪ್ಪ ಅವನ ಪಕ್ಕದಲ್ಲಿ ಕೂತು, ಕಲ್ಲಾಯಿ ಹೊಳೆಗೆ ಬಿದ್ದ ತೂಕದ ಗುಂಡಿನಿಂದ ಹೇಳತೊಡಗಿದ. ಇದು ನಾಲ್ಕನೆಯ ಸಲ ಹೇಳುತ್ತಿದ್ದದ್ದು. ಈ ಸಲವೂ ಸುಲಭವಾಗಿರಲಿಲ್ಲ.